ಎರೆ, ಗಾಳ ಮತ್ತು ನಾನು ಕಲಿಸದೆ ಬಿಟ್ಟ ಒಂದು ಪಾಠ

ಕಳೆದ ಸಂಕ್ರಾಂತಿಗೆ ಅಮೆರಿಕದ ಟೆಕ್ಸಾಸ್‌ನಲ್ಲಿರುವ ನನ್ನ ಸೋದರಳಿಯ ಶೆಟ್ಟಿಕೆರೆಗೆ ಬಂದಿದ್ದ. ರಜೆಯಲ್ಲಿ ಅಲ್ಲಿನ ಸರೋವರಗಳಲ್ಲಿ ಗಾಳ ಹಾಕುವುದು ಅವನ ಹವ್ಯಾಸ. ಹಿಡಿದ ಮೀನನ್ನು ತೂಗಿ, ಚಿತ್ರ ತೆಗೆದು, ಮತ್ತೆ ನೀರಿಗೇ ಬಿಡುತ್ತಾನಂತೆ. ನಮ್ಮ ಮನೆಯಲ್ಲಿ ಮೀನು ಬೇಯಿಸುವ ವಾಡಿಕೆಯಿಲ್ಲವಾದ್ದರಿಂದ ನನಗೆ ಈ ವಿಷಯದಲ್ಲಿ ಆಸಕ್ತಿಯೂ ಇರಲಿಲ್ಲ, ತಿಳಿವಳಿಕೆಯೂ ಇರಲಿಲ್ಲ. ಆದರೆ ಅವನು ತನ್ನ ಚೀಲದಿಂದ ಒಂದು ಪುಟ್ಟ ಪೆಟ್ಟಿಗೆಯನ್ನು ತೆಗೆದು ಮುಚ್ಚಳ ಬಿಚ್ಚಿದಾಗ ನಾನು ಕುಳಿತಲ್ಲಿಂದ ಎದ್ದು ಬಂದು ನೋಡಿದೆ. ಅದರೊಳಗೆ ಬಿಳಿ, ಹಸಿರು, ಕಂದು ಬಣ್ಣದ ಮೆತ್ತನೆಯ ಹುಳುಗಳು ಸಾಲಾಗಿ ಮಲಗಿದ್ದವು. ದಪ್ಪ ಮೈ, ಮೈತುಂಬ ಉಂಗುರದಂಥ ಗೆರೆಗಳು, ಹಿಂದೆ ಕುಡುಗೋಲಿನಂತೆ ಬಾಗಿದ ತೆಳ್ಳನೆಯ ಬಾಲ.

"ಇದೇನೋ, ನಮ್ಮ ತಿಪ್ಪೆಯ ಗೊಣ್ಣೆಹುಳುವನ್ನು ಪ್ಲಾಸ್ಟಿಕ್ಕಿನಲ್ಲಿ ಮಾಡಿಟ್ಟಿದ್ದಾರೆ!" ಎಂದೆ.

"ಹೌದು ಮಾವ, ಅಲ್ಲಿ ಇದಕ್ಕೆ ಗ್ರಬ್ ಅಂತಲೇ ಹೆಸರು. ಗ್ರಬ್ ಅಂದರೆ ಗೊಣ್ಣೆಹುಳುವೇ. ಬಾಸ್ ಅನ್ನೋ ಮೀನು ಇದಕ್ಕೆ ಚೆನ್ನಾಗಿ ಬೀಳುತ್ತೆ" ಎಂದ.

ತೆಂಗಿನ ಸೀಮೆಯವರಿಗೆ ಗೊಣ್ಣೆಹುಳುವಿನ ಪರಿಚಯ ಹೇಳಬೇಕಾಗಿಲ್ಲ. ತಿಪ್ಪೆಗುಂಡಿಯಲ್ಲಿ ಗೊಬ್ಬರ ತಿಂದು ಬೆಳೆದು, ಕೊಂಬಿನ ದುಂಬಿಯಾಗಿ ಹಾರಿ ಬಂದು, ತೆಂಗಿನ ಸುಳಿಯನ್ನು ಕೊರೆಯುವ ವೈರಿ ಅದು. ಅಂಥ ಹುಳುವನ್ನು ಕಾಸು ಕೊಟ್ಟು ಕೊಳ್ಳುವವರೂ ಲೋಕದಲ್ಲಿದ್ದಾರೆಂದು ನಗು ಬಂತು. ಆದರೆ ಅವನು ಅದನ್ನು ಗಾಳಕ್ಕೆ ಪೋಣಿಸುವ ಕ್ರಮವನ್ನು ತೋರಿಸತೊಡಗಿದಂತೆ ನಗು ನಿಂತು, ಮೂರೂವರೆ ದಶಕಗಳ ಹಿಂದಿನ ನೆನಪೊಂದು ಎದ್ದು ಬಂತು. ಅದನ್ನು ಹೇಳುವ ಮೊದಲು ಆ ಕ್ರಮವನ್ನೇ ಸ್ವಲ್ಪ ವಿವರಿಸಬೇಕು.

ಮೊದಲನೆಯ ವಿಧಾನ ಸರಳವಾದದ್ದು. ಗಾಳದ ಕೊರಳಿಗೇ ಸೀಸದ ಗುಂಡನ್ನು ಎರಕ ಹೊಯ್ದಿರುತ್ತಾರೆ. ಹುಳುವಿನ ತಲೆಯ ನಟ್ಟನಡುವೆ ಗಾಳದ ಮೊನೆಯನ್ನು ಚುಚ್ಚಿ, ಮೈಯುದ್ದಕ್ಕೂ ನೇರವಾಗಿ ಸಾಗಿಸಿ, ಬೆನ್ನಿನ ಮೇಲೆ ಹೊರತೆಗೆಯಬೇಕು. ಹುಳುವಿನ ಮೈ ಸ್ವಲ್ಪವೂ ಸೊಟ್ಟಗಾಗಬಾರದು. ಸೊಟ್ಟಗಾದರೆ ಎಳೆಯುವಾಗ ಅದು ನೀರಿನಲ್ಲಿ ಗಿರಗಿರನೆ ತಿರುಗಿ ದಾರವನ್ನೂ ಹುರಿಗೊಳಿಸುತ್ತದೆ. ಮೀನು ಮೋಸವನ್ನು ಅರಿತು ದೂರ ಸರಿಯುತ್ತದೆ. ನೇರವಾಗಿದ್ದರೆ ನಿಧಾನವಾಗಿ ಎಳೆದಷ್ಟು ಹೊತ್ತೂ ಬಾಲವು ತಾನೇ ತಾನಾಗಿ ತುಯ್ಯುತ್ತ ಜೀವವಿರುವಂತೆ ಕಾಣುತ್ತದೆ. ಇಲ್ಲವೆ ತಳಕ್ಕೆ ಮುಳುಗಲು ಬಿಟ್ಟು, ಕೋಲನ್ನು ಆಗಾಗ ತುಸು ಎತ್ತಿ, ಹುಳುವನ್ನು ಕುಪ್ಪಳಿಸುವಂತೆ ಮಾಡಬಹುದು.

ಎರಡನೆಯದು ಕಳೆ, ಕೊಂಬೆ, ಬೇರುಗಳಿರುವ ನೀರಿಗೆ. ಇದರಲ್ಲಿ ಸೀಸವು ದಾರದ ಮೇಲೆ ಸಡಿಲವಾಗಿ ಜಾರುತ್ತಿರುತ್ತದೆ. ಗಾಳದ ಮೊನೆಯನ್ನು ಹುಳುವಿನ ಮೂತಿಗೆ ಚುಚ್ಚಿ, ಸ್ವಲ್ಪ ಕೆಳಗೇ ಹೊರತೆಗೆದು, ಗಾಳವನ್ನು ಅರ್ಧ ಸುತ್ತು ತಿರುಗಿಸಿ, ಮೊನೆಯನ್ನು ಮತ್ತೆ ಹುಳುವಿನ ಮೈಯೊಳಗೇ ಅಡಗಿಸಿಡುತ್ತಾರೆ. ಹೊರಗೆ ಮೊನೆ ಇಲ್ಲದ್ದರಿಂದ ಅದು ಯಾವ ಕೊಂಬೆಗೂ ಸಿಕ್ಕಿಕೊಳ್ಳುವುದಿಲ್ಲ. ಮೀನು ಕಚ್ಚಿ, ನಾವು ಕೋಲನ್ನು ಜಗ್ಗಿದಾಗ ಮಾತ್ರ ಮೆತ್ತನೆಯ ಮೈ ಸರಿದು ಮೊನೆ ಹೊರಬರುತ್ತದೆ. ಇದಕ್ಕೆ ಟೆಕ್ಸಾಸ್ ರಿಗ್ ಎಂದು ಹೆಸರು. ಮೂರನೆಯದರಲ್ಲಿ ಸೀಸವನ್ನು ಒಂದೆರಡು ಅಡಿ ಮುಂದೆ ಕಟ್ಟುತ್ತಾರೆ. ಸೀಸ ತಳದಲ್ಲಿ ಎಳೆದುಕೊಂಡು ಹೋಗುವಾಗ ಹುಳು ಅದರ ಹಿಂದೆ ಹಗುರವಾಗಿ ತೇಲಿಬರುತ್ತದೆ.

ಇಂಥ ಮೆತ್ತನೆಯ ಹುಳುಗಳ ಚರಿತ್ರೆ ದೊಡ್ಡದೇನಲ್ಲ. ಅಮೆರಿಕದ ಓಹಾಯೋ ರಾಜ್ಯದ ಆಕ್ರನ್ ಪಟ್ಟಣದಲ್ಲಿ ನಿಕ್ ಕ್ರೀಮ್ ಎಂಬಾತ 1949ರಲ್ಲಿ ತನ್ನ ಮನೆಯ ಒಲೆಯ ಮೇಲೆ ವಿನೈಲ್ ಪ್ಲಾಸ್ಟಿಕ್, ಎಣ್ಣೆ ಮತ್ತು ಬಣ್ಣಗಳನ್ನು ಕಾಯಿಸಿ ಎರೆಹುಳುವಿನ ರೂಪದ ಎರೆಯನ್ನು ಅಚ್ಚು ಹೊಯ್ದ. ಅಲ್ಲಿಯವರೆಗೆ ಕೃತಕ ಎರೆಗಳೆಂದರೆ ಮರದವು, ಲೋಹದವು. ಕಚ್ಚಿದೊಡನೆ ಗಟ್ಟಿಯೆಂದು ತಿಳಿದು ಮೀನು ಉಗುಳಿಬಿಡುತ್ತಿತ್ತು. ಮೆತ್ತನೆಯದನ್ನು ಅದು ಇನ್ನೂ ಸ್ವಲ್ಪ ಹೊತ್ತು ಬಾಯಲ್ಲಿ ಹಿಡಿದಿರುತ್ತದೆ, ಗಾಳಿಗನಿಗೆ ಅಷ್ಟು ಹೊತ್ತೇ ಸಾಕು. ಟೆಕ್ಸಾಸ್‌ನ ಹೊಸ ಅಣೆಕಟ್ಟುಗಳ ಹಿನ್ನೀರಿನಲ್ಲಿ ಮುಳುಗಿದ ಮರಗಳ ನಡುವೆ ಬಾಸ್ ಹಿಡಿಯಲು ಹೊರಟವರು ಮೊನೆಯನ್ನು ಅಡಗಿಸುವ ಉಪಾಯವನ್ನು ಪ್ರಸಿದ್ಧಗೊಳಿಸಿದರು. ಬಾಗಿದ ಬಾಲದ ಗ್ರಬ್ ಬಂದದ್ದು 1970ರ ದಶಕದಲ್ಲಿ.

ಸೋದರಳಿಯ ಇದನ್ನೆಲ್ಲ ಹೇಳಿ ಮುಗಿಸಿದಾಗ ನಾನು ಸುಮ್ಮನೆ ಕುಳಿತಿದ್ದೆ. ಏಕೆಂದರೆ ಮೊನೆ ಅಡಗಿಸುವ ಆ ಎರಡನೆಯ ವಿಧಾನವನ್ನು ನಾನು ಮೊದಲೇ ನೋಡಿದ್ದೆ.

ಅದು 1989. ನಾನಾಗ ಈ ಸೀಮೆಯ ಒಂದು ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನದ ಉಪಾಧ್ಯಾಯನಾಗಿದ್ದೆ. ಒಂಬತ್ತನೆಯ ತರಗತಿಯ ಹುಡುಗನೊಬ್ಬ ವಾರದಲ್ಲಿ ಎರಡು ದಿನ ಮಧ್ಯಾಹ್ನದ ಮೇಲೆ ಕಾಣೆಯಾಗುತ್ತಿದ್ದ. ಅವನ ಹೆಸರು ಬೇಡ. ಆ ತಂಡದವರಿಗೆ ಹೇಳದೆಯೂ ತಿಳಿದೀತು. ಒಂದು ದಿನ ಕೆರೆ ಏರಿಯ ಮೇಲೆ ಸಿಕ್ಕಿಬಿದ್ದ. ಕೈಯಲ್ಲಿ ಬಿದಿರಿನ ಕೋಲು, ನೂಲಿನ ಹುರಿ, ಜೋಳದ ದಂಟಿನ ಬೆಂಡು. ಪಕ್ಕದಲ್ಲಿ ಒಂದು ಹಳೆಯ ತಗಡಿನ ಡಬ್ಬ. ಡಬ್ಬದಲ್ಲಿ ಗೊಬ್ಬರದ ಪುಡಿಯೊಳಗೆ ಗೊಣ್ಣೆಹುಳುಗಳು ಹೊರಳಾಡುತ್ತಿದ್ದವು. ಅವನನ್ನು ಶಾಲೆಗೆ ಎಳೆತಂದು, ತರಗತಿಯ ಮುಂದೆ ನಿಲ್ಲಿಸಿ, ಇದೇನೆಂದು ಗದರಿಸಿದೆ. ಅವನು ಹೆದರಿಕೆಯಲ್ಲಿಯೂ ಸತ್ಯವನ್ನೇ ಹೇಳಿದ: "ಗಾಳದ ಮೊನೆ ಹುಳದೊಳೀಕೆ ಮಡಗೋದು ಸಾ. ಇಲ್ಲಾಂದ್ರೆ ಜಾಲಿ ಮುಳ್ಳಿಗೆ ಸಿಕ್ಕಾಕ್ಕೊಂಡು ಹುರಿ ಕಿತ್ತೋಯ್ತದೆ." ಮಕ್ಕಳು ನಕ್ಕರು. ಅವನು ಉದ್ಧಟತನದ ಉತ್ತರ ಕೊಟ್ಟನೆಂದು ನಾನು ನಾಲ್ಕು ಏಟು ಹೊಡೆದೆ. ಕೋಲು ಮುರಿದು, ಡಬ್ಬವನ್ನು ಶಾಲೆಯ ಹಿಂದಿನ ಹಾಳುಬಾವಿಗೆ ಎಸೆಸಿದೆ.

ಅಂದು ನಾನು ಪಾಠ ಮಾಡುತ್ತಿದ್ದುದು ಕಲ್ಯಾಣದ ಚಾಲುಕ್ಯರನ್ನು ಕುರಿತು. ಹೊಡೆದಾದ ಮೇಲೆ ಹಲಗೆಯ ಕಡೆ ತಿರುಗಿ, "ಮೂರನೆಯ ಸೋಮೇಶ್ವರನು ಮಾನಸೋಲ್ಲಾಸವೆಂಬ ವಿಶ್ವಕೋಶ ಸದೃಶ ಗ್ರಂಥವನ್ನು ರಚಿಸಿದನು" ಎಂದು ಬರೆಸಿದೆ. ಪ್ರತಿ ವರ್ಷವೂ ಬರೆಸುತ್ತಿದ್ದ ವಾಕ್ಯ ಅದು. ಆ ಗ್ರಂಥದಲ್ಲಿ ಏನಿದೆಯೆಂದು ನಾನು ಓದಿರಲಿಲ್ಲ. ನಿವೃತ್ತನಾದ ಮೇಲೆ ಓದಿದೆ. ಓದಿ ತಲೆ ತಗ್ಗಿಸಿದೆ.

ಸೋಮೇಶ್ವರನು ಇಂದಿನ ಬೀದರ್ ಜಿಲ್ಲೆಯ ಬಸವಕಲ್ಯಾಣದಿಂದ ರಾಜ್ಯವಾಳುತ್ತ ಸುಮಾರು 1131ರ ಹೊತ್ತಿಗೆ ಸಂಸ್ಕೃತದಲ್ಲಿ ಮಾನಸೋಲ್ಲಾಸವನ್ನು ರಚಿಸಿದ. ಐದು ವಿಂಶತಿಗಳು, ಒಂದೊಂದರಲ್ಲಿ ಇಪ್ಪತ್ತು ಅಧ್ಯಾಯಗಳು, ಒಟ್ಟು ನೂರು. ರಾಜನೀತಿ, ಆನೆ, ಕುದುರೆ, ಅಡುಗೆ, ಸಂಗೀತ, ಚಿತ್ರಕಲೆ ಎಲ್ಲವೂ ಅದರಲ್ಲುಂಟು. ರಾಜನ ವಿನೋದಗಳನ್ನು ವರ್ಣಿಸುವ ನಾಲ್ಕನೆಯ ವಿಂಶತಿಯಲ್ಲಿ 'ಮತ್ಸ್ಯವಿನೋದ' ಎಂಬ ಅಧ್ಯಾಯವಿದೆ. ಗಾಳ ಹಾಕಿ ಮೀನು ಹಿಡಿಯುವ ವಿದ್ಯೆಗೇ ಮೀಸಲಾದ ಅಧ್ಯಾಯ ಅದು!

ಅದರಲ್ಲಿ ರಾಜನು ಮೊದಲು ಮೀನುಗಳನ್ನು ವಿಂಗಡಿಸುತ್ತಾನೆ. ಸಮುದ್ರದವು ಯಾವುವು, ಹೊಳೆಯವು ಯಾವುವು, ಹೊರೆಯುಳ್ಳವು ಯಾವುವು, ಇಲ್ಲದವು ಯಾವುವು, ದೊಡ್ಡವು, ಸಣ್ಣವು. ರೋಹಿತ, ಪಾಠೀನ ಮೊದಲಾದ ಹೆಸರುಗಳು ಬರುತ್ತವೆ. ಆಮೇಲೆ ಎರೆಯ ವಿಚಾರ. ಎಲ್ಲ ಮೀನಿಗೂ ಒಂದೇ ಎರೆ ಸಲ್ಲದು. ಹಿಟ್ಟಿನ ಉಂಡೆಗೆ ಬರುವ ಮೀನು ಬೇರೆ, ಮಾಂಸಕ್ಕೆ ಬರುವ ಮೀನು ಬೇರೆ. ಗಾಳ ಹಾಕುವ ಮೊದಲು ಒಂದೇ ಜಾಗದಲ್ಲಿ ಆಹಾರ ಹಾಕಿ ಮೀನುಗಳನ್ನು ರೂಢಿ ಮಾಡಿಸಬೇಕು. ಅನಂತರ ಹುರಿ, ಕೋಲು, ಗಾಳಗಳ ಲಕ್ಷಣ, ಕಚ್ಚಿದ ಮೀನನ್ನು ದಡಕ್ಕೆ ತರುವ ಬಗೆ. ಮೀನಿನ ಶಾಸ್ತ್ರದಲ್ಲಿ ದೊಡ್ಡ ಹೆಸರಾದ ಸುಂದರ್ ಲಾಲ್ ಹೋರಾ ಅವರು 1951ರಲ್ಲಿ ಈ ಅಧ್ಯಾಯದ ಮೇಲೆ ಒಂದು ಪ್ರಬಂಧವನ್ನೇ ಬರೆದರು. ಆ ಬಳಿಕವೇ ವಿಜ್ಞಾನಿಗಳ ಲೋಕ ಇದನ್ನು ಗಮನಿಸಿದ್ದು.

ಇಂಗ್ಲೆಂಡಿನವರು ಗಾಳದ ವಿದ್ಯೆಯ ಮೊದಲ ಪುಸ್ತಕವೆಂದು ಹೆಮ್ಮೆಪಡುವ ಕೃತಿ, ಜೂಲಿಯಾನಾ ಬರ್ನರ್ಸ್ ಎಂಬ ಸನ್ಯಾಸಿನಿಯದೆಂದು ಹೇಳಲಾಗುವ ಪ್ರಬಂಧ, ಅಚ್ಚಾದದ್ದು 1496ರಲ್ಲಿ. ಐಜಾಕ್ ವಾಲ್ಟನ್ನನ ಪ್ರಸಿದ್ಧ ಪುಸ್ತಕ ಬಂದದ್ದು 1653ರಲ್ಲಿ. ನಮ್ಮ ಕಲ್ಯಾಣದ ಅರಸ ಅವರಿಗಿಂತ ಮುನ್ನೂರೈವತ್ತಕ್ಕೂ ಹೆಚ್ಚು ವರ್ಷ ಮುಂದಿದ್ದ. ಹಾಗೆಂದು ಎಲ್ಲವನ್ನೂ ನಾವೇ ಕಂಡುಹಿಡಿದೆವೆಂದು ಬೀಗಬೇಕಾಗಿಲ್ಲ. ಕ್ರಿಸ್ತಶಕ 200ರ ಸುಮಾರಿನಲ್ಲಿಯೇ ರೋಮಿನ ಲೇಖಕ ಈಲಿಯನ್, ಮ್ಯಾಸಿಡೋನಿಯದ ಜನ ಗಾಳಕ್ಕೆ ಕೆಂಪು ಉಣ್ಣೆಯನ್ನೂ ಹಕ್ಕಿಯ ಗರಿಯನ್ನೂ ಸುತ್ತಿ ನೊಣದಂತೆ ಮಾಡಿ ಮೀನು ಹಿಡಿಯುವುದನ್ನು ಬರೆದಿದ್ದಾನೆ. ಕೃತಕ ಎರೆಯ ಹಳೆಯ ದಾಖಲೆಗಳಲ್ಲಿ ಅದೂ ಒಂದು. ಪ್ಲಾಸ್ಟಿಕ್ ಹುಳುವಿನ ಮುತ್ತಜ್ಜ ಎನ್ನಬಹುದು.

ಆದರೆ ಈ ಪುಸ್ತಕಗಳಿಗಿಂತ ಹಳೆಯ ಸಾಕ್ಷಿಯೊಂದು ನಮ್ಮ ನಾಲಗೆಯ ಮೇಲೆಯೇ ಇದೆ. 'ಎರೆಹುಳು' ಎನ್ನುತ್ತೇವಷ್ಟೆ. ಎರೆ ಎಂದರೇನು? 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಕಿಟೆಲ್ ನಿಘಂಟನ್ನು ತೆಗೆದು ನೋಡಿ. ಹಕ್ಕಿ, ಹಾವುಗಳ ಆಹಾರ ಎಂಬ ಅರ್ಥದ ಜೊತೆಗೆ ಗಾಳಕ್ಕೆ ಸಿಕ್ಕಿಸುವ ಮೇವು ಎಂಬ ಅರ್ಥವೂ ಇದೆ. ತಮಿಳಿನ 'ಇರೈ' ಇದರ ಒಡಹುಟ್ಟು. ಅಂದರೆ ಎರೆಹುಳು ಎಂಬ ಹೆಸರನ್ನು ಇಟ್ಟವನು ಅದನ್ನು ರೈತನ ಕಣ್ಣಿನಿಂದ ನೋಡಲಿಲ್ಲ, ಗಾಳಿಗನ ಕಣ್ಣಿನಿಂದ ನೋಡಿದ. ಮಣ್ಣನ್ನು ಫಲವತ್ತಾಗಿಸುವ ಹುಳು ಎಂದು ಇಂದು ಹೊಗಳುವ ನಾವೆಲ್ಲರೂ, ತಿಳಿಯದೆಯೇ, ಯಾವನೋ ಹಳೆಯ ಬೆಸ್ತನ ಮಾತನ್ನು ಆಡುತ್ತಿದ್ದೇವೆ.

ಅರಸನಿಗೂ ಈ ವಿದ್ಯೆಯನ್ನು ಹೇಳಿಕೊಟ್ಟವರು ಅಂಥವರೇ ಇರಬೇಕು. ಯಾವ ಮೀನು ಯಾವ ಉಂಡೆಗೆ ಬರುತ್ತದೆಂಬುದು ಸಿಂಹಾಸನದ ಮೇಲೆ ಕುಳಿತವನಿಗೆ ತಾನಾಗಿ ತಿಳಿಯದು. ಅರಸನ ಹೆಸರು ಉಳಿಯಿತು. ಹೇಳಿಕೊಟ್ಟವರ ಹೆಸರು ಗ್ರಂಥದಲ್ಲಿಲ್ಲ.

ಈ ಮಾತು ಬ್ರಿಟಿಷರ ಕಾಲಕ್ಕೂ ಸಲ್ಲುತ್ತದೆ. ದಕ್ಷಿಣ ಕನ್ನಡದ ಕಲೆಕ್ಟರನಾಗಿದ್ದ ಹೆನ್ರಿ ಸಲಿವನ್ ಥಾಮಸ್ 1873ರಲ್ಲಿ 'ದಿ ರಾಡ್ ಇನ್ ಇಂಡಿಯಾ' ಎಂಬ ಪುಸ್ತಕವನ್ನು ಪ್ರಕಟಿಸಿದ. ಬಿಳಿಮೀನು ಎಂದು ನಾವು ಕರೆಯುವ ಮಹಸೀರ್ ಮೀನಿನ ಬೇಟೆಗೆ ಅದು ದೊರೆಗಳ ಕೈಪಿಡಿಯಾಯಿತು. 1887ರಲ್ಲಿ ಅವನೇ ಕೆರೆಗಳಲ್ಲಿ ಗಾಳ ಹಾಕುವುದನ್ನು ಕುರಿತು ಇನ್ನೊಂದು ಪುಸ್ತಕ ಬರೆದ. ನಮ್ಮಂಥ ಕೆರೆ ಸೀಮೆಯವರಿಗೆ ಹೆಚ್ಚು ಹತ್ತಿರವಾದದ್ದು ಅದೇ. ಮುಂದೆ 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಮನೆತನದ ಡಿ ವೆಟ್ ವ್ಯಾನ್ ಇಂಗೆನ್ ಕಬಿನಿಯಲ್ಲಿ 120 ಪೌಂಡು, ಎಂದರೆ ಸುಮಾರು 54 ಕಿಲೋ ತೂಕದ ಬಿಳಿಮೀನನ್ನು ಗಾಳದಲ್ಲಿ ಹಿಡಿದು ದಾಖಲೆ ಮಾಡಿದರು.

ಸ್ವಾತಂತ್ರ್ಯಾನಂತರ ಹೊರಗಿನವರು ಈ ಮೀನನ್ನು ಮರೆತೇಬಿಟ್ಟಿದ್ದರು. 1977-78ರಲ್ಲಿ ಮೂವರು ಇಂಗ್ಲಿಷ್ ತರುಣರ ತಂಡ ಹುಡುಕಿಕೊಂಡು ಬಂದು ಕಾವೇರಿಯಲ್ಲಿ ಬಿಳಿಮೀನು ಇನ್ನೂ ಇದೆಯೆಂದು ತೋರಿಸಿತು. ಆಮೇಲೆ ಭೀಮೇಶ್ವರಿ, ಗಾಲಿಬೋರೆ, ದೊಡ್ಡಮಕಳಿಗಳಲ್ಲಿ ಶಿಬಿರಗಳು ನಡೆದವು. ದೇಶವಿದೇಶದವರು ಬಂದು ಬೆಲೆಬಾಳುವ ಕೋಲು, ರಾಟೆಗಳನ್ನು ಹಿಡಿದು ಬಂಡೆಗಳ ಮೇಲೆ ಕುಳಿತರು. ಗಾಳದ ತುದಿಯಲ್ಲಿ ಇದ್ದುದೇನು ಗೊತ್ತೆ? ರಾಗಿ! ರಾಗಿ ಹಿಟ್ಟನ್ನು ನಾದಿ, ಉಂಡೆ ಕಟ್ಟಿ, ಬೇಯಿಸಿ ಗಟ್ಟಿ ಮಾಡಿದ ಮುದ್ದೆ. ಅದನ್ನು ಮಾಡುತ್ತಿದ್ದವರು, ಹೊಳೆಯ ಯಾವ ಮಡುವಿನಲ್ಲಿ ಯಾವ ಹೊತ್ತಿಗೆ ಎಸೆಯಬೇಕೆಂದು ಹೇಳುತ್ತಿದ್ದವರು ನದೀತೀರದ ಹಳ್ಳಿಗಳ ನಮ್ಮ ಜನ. ಚಿತ್ರದಲ್ಲಿ ಮೀನನ್ನು ಹಿಡಿದು ನಗುವವರು ಅತಿಥಿಗಳು. ಪಕ್ಕದಲ್ಲಿ ಸೊಂಟದ ಮಟ್ಟ ನೀರಿನಲ್ಲಿ ನಿಂತವರು ಇವರು.

ಅಭಯಾರಣ್ಯದೊಳಗೆ ಬೇಟೆ ಸಲ್ಲದೆಂಬ ಕಾನೂನಿನ ಕಾರಣದಿಂದ 2012ರ ಹೊತ್ತಿಗೆ ಅಲ್ಲಿ ಗಾಳ ಹಾಕುವುದು ನಿಂತಿತು. ಆದರೆ ಒಂದು ಕುತೂಹಲದ ಸಂಗತಿಯಿದೆ. ಗಾಲಿಬೋರೆಯಲ್ಲಿ 1998ರಿಂದ 2012ರವರೆಗೆ ಹಿಡಿದು ಬಿಟ್ಟ ಮೀನುಗಳ ಲೆಕ್ಕ ಬರೆದಿಟ್ಟಿದ್ದ ಪುಸ್ತಕಗಳನ್ನು ವಿಜ್ಞಾನಿಗಳು ಪರಿಶೀಲಿಸಿದರು. ಕಾವೇರಿಯದೇ ಆದ, ಬೆನ್ನು ಡುಬ್ಬದ ಬಿಳಿಮೀನು ಕಡಿಮೆಯಾಗುತ್ತ, ಹೊರಗಿನಿಂದ ಮರಿ ತಂದು ಬಿಟ್ಟ ನೀಲಿ ರೆಕ್ಕೆಯ ಜಾತಿ ಹೆಚ್ಚುತ್ತಿದೆ ಎಂಬುದು 2015ರಲ್ಲಿ ಆ ಲೆಕ್ಕದಿಂದಲೇ ಬೆಳಕಿಗೆ ಬಂತು. ಮೀನನ್ನು ಉಳಿಸುವ ಸದುದ್ದೇಶದಿಂದ ಮಾಡಿದ ಮರಿಬಿತ್ತನೆಯೇ ಮೂಲ ಮೀನಿಗೆ ಕುತ್ತಾಗುತ್ತಿತ್ತು. 2018ರಲ್ಲಿ ಡುಬ್ಬದ ಮೀನಿಗೆ ಟಾರ್ ರೆಮಾದೇವಿ ಎಂಬ ಶಾಸ್ತ್ರೀಯ ಹೆಸರು ಖಚಿತವಾಯಿತು. ಅದೇ ವರ್ಷ ಅದು ಅಳಿವಿನ ತೀರ ಅಂಚಿನಲ್ಲಿರುವ ಜೀವಿಗಳ ಪಟ್ಟಿಗೂ ಸೇರಿತು. ಗಾಳಿಗರು ಅಂದಂದಿನ ಲೆಕ್ಕ ಬರೆದಿಡದೆ ಇದ್ದಿದ್ದರೆ ಇದು ಯಾರಿಗೂ ತಿಳಿಯುತ್ತಿರಲಿಲ್ಲ.

ಹೊಳೆಯ ಮೀನಿಗೆ ಲೆಕ್ಕ ಬರೆದವರಿದ್ದರು. ನಮ್ಮ ಕೆರೆಗಳ ಮೀನಿಗೆ ಯಾರಿದ್ದರು? ಕೆರೆಗಳಿಗೆ ಇಂದು ಕಾಟ್ಲಾ, ರೋಹು, ಸಾಮಾನ್ಯ ಗೆಂಡೆಯ ಮರಿಗಳನ್ನು ಬಿಡುತ್ತಾರೆ. 1952ರಲ್ಲಿ ಭಾರತಕ್ಕೆ ತಂದ ಆಫ್ರಿಕಾ ಮೂಲದ ಜಿಲೇಬಿ ಮೀನು ಹೇಳದೆ ಕೇಳದೆ ಎಲ್ಲೆಡೆ ತುಂಬಿಕೊಂಡಿದೆ. ಕೆರೆಯ ಹಳೆಯ ಒಡೆಯನಾದ ಕೊರಮೀನಿನ ಕಥೆ ಬೇರೆ. ಅದು ನೀರಿನ ಮೇಲೆ ಬಂದು ಗಾಳಿ ಉಸಿರಾಡುತ್ತದೆ. ಕೆರೆ ಬತ್ತಿದರೆ ಕೆಸರಿನಲ್ಲಿ ಹುದುಗಿ ಕಾಯುತ್ತದೆ. ಕಪ್ಪೆಯೆಂದರೆ ಅದಕ್ಕೆ ಪ್ರಾಣ. ಪಟ್ಟಣದ ತರುಣರು ಈಗ ಪ್ಲಾಸ್ಟಿಕ್ ಕಪ್ಪೆಯನ್ನು ಜೊಂಡಿನ ಮೇಲೆ ಕುಣಿಸಿ ಅದನ್ನು ಹಿಡಿಯುತ್ತಾರೆ. ಆ ಕಪ್ಪೆಗೂ ಮೊನೆಗಳು ಮೈಗೆ ಅಂಟಿಕೊಂಡೇ ಇರುತ್ತವೆ, ಕಳೆಗೆ ಸಿಕ್ಕದಂತೆ.

ಸಂಕ್ರಾಂತಿಯ ಮಾರನೆಯ ದಿನ ಸೋದರಳಿಯನೊಡನೆ ಕೆರೆ ಏರಿಯ ಮೇಲೆ ಹೋದೆ. ಆ ಹಳೆಯ ವಿದ್ಯಾರ್ಥಿಗೂ ಬರಹೇಳಿದ್ದೆ. ಈಗ ಅವನಿಗೆ ಐವತ್ತು ಸಮೀಪಿಸಿದೆ. ತೆಂಗಿನ ತೋಟವಿದೆ, ಮಗಳು ಎಂಜಿನಿಯರಿಂಗ್ ಓದುತ್ತಿದ್ದಾಳೆ. ಸೋದರಳಿಯ ಟೆಕ್ಸಾಸ್ ಕ್ರಮದಲ್ಲಿ ಹುಳುವನ್ನು ಪೋಣಿಸಿ ತೋರಿಸಿದ. ಅವನು ಅದನ್ನು ಕೈಗೆ ತೆಗೆದುಕೊಂಡು, ತಿರುಗಿಸಿ ನೋಡಿ, "ಮೊನೆ ಒಳೀಕೆ ಮಡಗವ್ರಲ್ಲ ಸಾ!" ಎಂದು ನಕ್ಕ. ಆಮೇಲೆ ಸೋದರಳಿಯನಿಗೆ ಒಂದು ಮಾತು ಹೇಳಿದ. ಮಳೆಗಾಲದಲ್ಲಿ ನೀರಿನ ಮೇಲೆ ಕೆಂಪಗೆ ಮರಿಗಳ ಹಿಂಡು ಕಂಡರೆ ಅಲ್ಲಿ ಗಾಳ ಹಾಕಬಾರದು. ಕೆಳಗೆ ಕೊರಮೀನಿನ ತಂದೆತಾಯಿ ಕಾವಲಿರುತ್ತವೆ. ಹಸಿವಿಲ್ಲದಿದ್ದರೂ ಮರಿಗಳ ಮೇಲಿನ ಮಮತೆಗೆ ಗಾಳವನ್ನು ಕಚ್ಚುತ್ತವೆ. ಅವು ಹೋದರೆ ಹಿಂಡು ಪೂರ್ತಿ ಹಕ್ಕಿಯ ಪಾಲು, ಬೇರೆ ಮೀನಿನ ಪಾಲು. "ನಮ್ಮಪ್ಪ ಹೇಳ್ಕೊಟ್ಟಿದ್ದು" ಎಂದ.

ನಾನು 1989ರ ಆ ದಿನವನ್ನು ಎತ್ತಿದೆ. ತಪ್ಪಾಯಿತು ಎಂದೆ. ಅವನು ಮುಜುಗರದಿಂದ, "ಅಯ್ಯೋ ಬುಡಿ ಸಾ, ಇಸ್ಕೂಲು ತಪ್ಪಿಸ್ತಿದ್ದೆ, ಒಡ್ದ್ರಿ" ಎಂದ. ಸ್ವಲ್ಪ ಹೊತ್ತು ನೀರನ್ನೇ ನೋಡುತ್ತಿದ್ದು, "ಆ ಡಬ್ಬ ಮಾತ್ರ ನಮ್ಮಪ್ಪಂದು ಸಾ. ಆ ವರ್ಸನೇ ತೀರ್ಕೊಂಡಿದ್ರು" ಎಂದ.

ಶಾಲೆ ತಪ್ಪಿಸಿದ್ದು ತಪ್ಪೇ. ಅದಕ್ಕೆ ಅವನನ್ನು ಕೇಳಬೇಕಾದದ್ದು ನನ್ನ ಕರ್ತವ್ಯವೇ ಆಗಿತ್ತು. ಆದರೆ ಕಲ್ಯಾಣದ ಅರಸ ಬರೆಸಿದ್ದು, ಕಲೆಕ್ಟರ್ ಬರೆದದ್ದು, ಟೆಕ್ಸಾಸಿನವರು ಪ್ರಸಿದ್ಧಗೊಳಿಸಿದ್ದು ಯಾವ ವಿದ್ಯೆಯೋ ಅದನ್ನು ಆ ಹುಡುಗ ತರಗತಿಯ ಮುಂದೆ ನಿಂತು ಒಂದು ವಾಕ್ಯದಲ್ಲಿ ಹೇಳಿದ್ದ. ಅದೇ ಪಾಠದ ಗಂಟೆಯಲ್ಲಿ ಅವನನ್ನು ಪಕ್ಕಕ್ಕೆ ನಿಲ್ಲಿಸಿಕೊಂಡು, "ನೋಡಿ ಮಕ್ಕಳೇ, ಇವನಿಗೆ ಗೊತ್ತಿರುವುದನ್ನೇ ಒಬ್ಬ ರಾಜ ಗ್ರಂಥದಲ್ಲಿ ಬರೆದಿಟ್ಟ" ಎಂದು ಹೇಳುವ ಅವಕಾಶ ನನಗಿತ್ತು. ನನಗೆ ಅಷ್ಟು ಓದಿರಲಿಲ್ಲ.

ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಈಗ ಉಪಾಧ್ಯಾಯರಾಗಿರುವವರು ಹಲವರಿದ್ದೀರಿ. ಈ ಬರಹ ಮುಖ್ಯವಾಗಿ ನಿಮಗೆ. ಉಳಿದವರಿಗೆ ಒಂದು ವಿನಂತಿ: ಮೀನಾಗಲಿ, ಬಿತ್ತನೆಯಾಗಲಿ, ತೆಂಗಿನ ಸುಳಿಯಿಂದ ದುಂಬಿ ತೆಗೆಯುವುದಾಗಲಿ, ನಿಮ್ಮ ತಂದೆಯವರು ಹೇಳಿಕೊಟ್ಟದ್ದನ್ನು ಒಂದು ನೋಟುಪುಸ್ತಕದಲ್ಲಿ ಅವರ ಹೆಸರು ಹಾಕಿ ಬರೆದಿಡಿ.

ಮುಂದಿನ ವಾರ ನಮ್ಮ ತಿಪ್ಪೆ ತೆಗೆಸುವುದಿದೆ. ಗೊಣ್ಣೆಹುಳುಗಳನ್ನೆಲ್ಲ ಕೋಳಿಗೆ ಹಾಕಿಬಿಡಬೇಡಿ, ಒಂದು ಡಬ್ಬದಷ್ಟು ತೆಗೆದಿಡಿ ಎಂದು ಆಳುಗಳಿಗೆ ಹೇಳಿದ್ದೇನೆ. ಡಬ್ಬವನ್ನು ತಿಪಟೂರಿನಿಂದ ತಂದಿಟ್ಟಿದ್ದೇನೆ.